ಕೊರಿಯದ ಹೆಣ್ಣುಮಕ್ಕಳ ಹೆಸರುಗಳು: ಓದುವ, ಅರ್ಥ ತಿಳಿಯುವ ಮತ್ತು ಬಳಸುವ ಕ್ರಮ

ಕೊರಿಯನ್ ಧಾರಾವಾಹಿಗಳನ್ನು ನೋಡುವವರು, ಬೆಂಗಳೂರಿನ ಕೊರಿಯನ್ ಕಂಪನಿಗಳಲ್ಲಿ ಕೆಲಸ ಮಾಡುವವರು, ಕೊರಿಯನ್ ಭಾಷೆಯ ತರಗತಿಗೆ ಸೇರಿದವರು, ಅಲ್ಲಿನ ಕತೆಗಳನ್ನು ಕನ್ನಡಕ್ಕೆ ತರಲು ಹೊರಟವರು ಒಂದಲ್ಲ ಒಂದು ದಿನ ಯಾವುದೋ ಹೆಸರಿನ ಅರ್ಥವನ್ನು ಅಂತರಜಾಲದಲ್ಲಿ ಹುಡುಕುತ್ತಾರೆ. ಆಗ ಸಿಗುವುದು ಉದ್ದನೆಯ ಪಟ್ಟಿಗಳು: ಎಡಗಡೆ ಹೆಸರು, ಬಲಗಡೆ ಒಂದೇ ಒಂದು ಅರ್ಥ. ಈ ಪಟ್ಟಿಗಳಲ್ಲಿ ಬಹುಪಾಲು ನಂಬಲು ತಕ್ಕವಲ್ಲ, ಏಕೆಂದರೆ ಹೆಚ್ಚಿನ ಕೊರಿಯನ್ ಹೆಸರುಗಳ ಅರ್ಥ ಅವುಗಳ ಧ್ವನಿಯಲ್ಲಿ ಇರುವುದಿಲ್ಲ. ಆ ಧ್ವನಿಗೆ ಹೆತ್ತವರು ಯಾವ ಚೀನೀ ಮೂಲದ ಅಕ್ಷರವನ್ನು ಆರಿಸಿದ್ದಾರೆ ಎಂಬುದರಲ್ಲಿ ಇರುತ್ತದೆ. ಒಂದೇ ಹೆಸರಿನ ಇಬ್ಬರು ಗೆಳತಿಯರ ಹೆಸರುಗಳಿಗೆ ಎರಡು ಬೇರೆ ಬೇರೆ ಅರ್ಥಗಳಿರುವುದು ಅಲ್ಲಿ ಸರ್ವೇಸಾಮಾನ್ಯ. ಹೀಗಾಗಿ ಈ ಲೇಖನದಲ್ಲಿ ಹೆಸರುಗಳ ಪಟ್ಟಿಯನ್ನು ಕೊಡುವುದಕ್ಕಿಂತ, ಎದುರಿಗೆ ಬಂದ ಹೆಸರನ್ನು ಹೇಗೆ ಬಿಡಿಸಬೇಕು, ಹೇಗೆ ಉಚ್ಚರಿಸಬೇಕು, ಅದರ ಅರ್ಥವನ್ನು ಹೇಗೆ ಕೇಳಿ ತಿಳಿಯಬೇಕು ಮತ್ತು ಆ ಹೆಸರಿನ ವ್ಯಕ್ತಿಯನ್ನು ಹೇಗೆ ಕರೆಯಬೇಕು ಎಂಬ ಕ್ರಮವನ್ನು ವಿವರಿಸಲಾಗಿದೆ.

ಮೊದಲ ಹೆಜ್ಜೆ: ಹೆಸರನ್ನು ಬಿಡಿಸುವುದು

ಕೊರಿಯನ್ ಹೆಸರಿನಲ್ಲಿ ಕುಲನಾಮ ಮೊದಲು ಬರುತ್ತದೆ, ಇಟ್ಟ ಹೆಸರು ಆಮೇಲೆ. ಕುಲನಾಮ ಸಾಮಾನ್ಯವಾಗಿ ಒಂದೇ ಉಚ್ಚಾರಾಂಶದ್ದು. ಇಟ್ಟ ಹೆಸರು ಸಾಮಾನ್ಯವಾಗಿ ಎರಡು ಉಚ್ಚಾರಾಂಶಗಳದ್ದು. 2015ರ ಜನಗಣತಿಯ ಪ್ರಕಾರ ದಕ್ಷಿಣ ಕೊರಿಯದ ಜನರಲ್ಲಿ ಶೇಕಡಾ 21.5ರಷ್ಟು ಮಂದಿ ಕಿಮ್, ಶೇಕಡಾ 14.7ರಷ್ಟು ಮಂದಿ ಲೀ, ಶೇಕಡಾ 8.4ರಷ್ಟು ಮಂದಿ ಪಾರ್ಕ್ ಕುಲನಾಮದವರು. ಐವರಲ್ಲಿ ಒಬ್ಬರು ಕಿಮ್ ಆಗಿರುವ ದೇಶದಲ್ಲಿ ಕುಲನಾಮದಿಂದ ವ್ಯಕ್ತಿಯನ್ನು ಗುರುತಿಸುವುದು ಕಷ್ಟ. ಗುರುತಿನ ಭಾರವನ್ನೆಲ್ಲ ಇಟ್ಟ ಹೆಸರೇ ಹೊರುತ್ತದೆ. ಹೆಣ್ಣುಮಕ್ಕಳು ಮದುವೆಯಾದ ಮೇಲೆ ಗಂಡನ ಕುಲನಾಮವನ್ನು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಒಂದೇ ಮನೆಯ ತಾಯಿಯೂ ಮಕ್ಕಳೂ ಬೇರೆ ಬೇರೆ ಕುಲನಾಮ ಹೊಂದಿರುವುದನ್ನು ಕಂಡರೆ ಅದರಿಂದ ಏನನ್ನೂ ಊಹಿಸಬೇಕಾಗಿಲ್ಲ. ಮಕ್ಕಳಿಗೆ ತಂದೆಯ ಕುಲನಾಮ ಬರುವುದು ರೂಢಿ. ಕುಟುಂಬಕ್ಕೆ ಗಂಡಸೇ ಯಜಮಾನ ಎಂದು ದಾಖಲಿಸುತ್ತಿದ್ದ ಹಳೆಯ ಪದ್ಧತಿ 2008ರ ಆರಂಭದಲ್ಲಿ ರದ್ದಾದ ಮೇಲೆ, ಮದುವೆ ನೋಂದಣಿಯ ಸಮಯದಲ್ಲೇ ದಂಪತಿ ಒಪ್ಪಿಕೊಂಡಿದ್ದರೆ ತಾಯಿಯ ಕುಲನಾಮವನ್ನೂ ಕೊಡಬಹುದಾಗಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ರೋಮನ್ ಲಿಪಿಯಲ್ಲಿ ಬರೆಯುವಾಗ ಇಟ್ಟ ಹೆಸರಿನ ಎರಡು ಉಚ್ಚಾರಾಂಶಗಳ ನಡುವೆ ಕೆಲವರು ಅಡ್ಡಗೆರೆ ಹಾಕುತ್ತಾರೆ, ಕೆಲವರು ಜಾಗ ಬಿಡುತ್ತಾರೆ, ಕೆಲವರು ಕೂಡಿಸಿಯೇ ಬರೆಯುತ್ತಾರೆ. ಜಾಗ ಬಿಟ್ಟು ಬರೆದಾಗ ನಮ್ಮ ಕಚೇರಿಗಳ ನಮೂನೆಗಳು ಎರಡನೆಯ ಉಚ್ಚಾರಾಂಶವನ್ನು ನಡುಹೆಸರೆಂದು ತಿಳಿದು ಕತ್ತರಿಸಿಬಿಡುತ್ತವೆ. ಕಿಮ್ ಸುಜಿನ್ ಎಂಬವರು ಬರೀ "ಸು" ಆಗಿಬಿಡುತ್ತಾರೆ. ಸುಜಿನ್ ಎಂಬುದು ಒಂದೇ ಹೆಸರು, ಅದನ್ನು ಒಡೆಯಬಾರದು. ಇನ್ನೊಂದು ವಿಷಯವೆಂದರೆ, ನಿಯಮಕ್ಕೆ ಹೊರತಾದ ಹೆಸರುಗಳೂ ಇವೆ. ನಾಮ್‌ಗುಂಗ್, ಹ್ವಾಂಗ್ಬೋ ಮುಂತಾದ ಕುಲನಾಮಗಳಿಗೆ ಎರಡು ಉಚ್ಚಾರಾಂಶಗಳಿವೆ. ಇಟ್ಟ ಹೆಸರು ಒಂದೇ ಉಚ್ಚಾರಾಂಶದ್ದೂ ಆಗಿರಬಹುದು. 2024ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಹಾನ್ ಕಾಂಗ್ ಅವರದು ಅಂಥ ಹೆಸರು. ಅವರ ಕುಲನಾಮ ಹಾನ್, ಇಟ್ಟ ಹೆಸರು ಕಾಂಗ್, ಅಂದರೆ ನದಿ. ಎರಡನ್ನೂ ಸೇರಿಸಿ ಹೇಳಿದರೆ ರಾಜಧಾನಿ ಸೋಲ್ ನಗರದ ನಡುವೆ ಹರಿಯುವ ಹಾನ್ ನದಿಯ ಕೊರಿಯನ್ ಹೆಸರೇ ಕಿವಿಗೆ ಬೀಳುತ್ತದೆ, ಆದರೆ ಲೇಖಕಿಯ ಕುಲನಾಮವನ್ನೂ ನದಿಯ ಹೆಸರಿನ ಮೊದಲ ಭಾಗವನ್ನೂ ಬೇರೆ ಬೇರೆ ಅಕ್ಷರಗಳಿಂದ ಬರೆಯಲಾಗುತ್ತದೆ.

ಎರಡನೆಯ ಹೆಜ್ಜೆ: ಸರಿಯಾಗಿ ಉಚ್ಚರಿಸುವುದು

ರೋಮನ್ ಲಿಪಿಯ ಮೂಲಕ ಕೊರಿಯನ್ ಹೆಸರು ಓದುವುದೇ ನಮ್ಮ ಹೆಚ್ಚಿನ ತಪ್ಪುಗಳಿಗೆ ಕಾರಣ. ಕೊರಿಯನ್ ಭಾಷೆಯಲ್ಲಿ ಹತ್ತಿರ ಹತ್ತಿರದ ಎರಡು ಸ್ವರಗಳಿವೆ. ಒಂದು ನಮ್ಮ "ಓ"ದಂತೆ ತುಟಿ ದುಂಡಗೆ ಮಾಡಿ ಹೇಳುವುದು. ಇನ್ನೊಂದು ತುಟಿಯನ್ನು ಸಡಿಲವಾಗಿ ಬಿಟ್ಟು, "ಅ" ಮತ್ತು "ಒ"ಗಳ ನಡುವೆ ಹೇಳುವುದು. ಎರಡನೆಯದನ್ನು ಸರ್ಕಾರಿ ರೋಮನ್ ಬರಹದಲ್ಲಿ ಇ ಮತ್ತು ಓ ಎಂಬ ಎರಡು ಅಕ್ಷರಗಳನ್ನು ಕೂಡಿಸಿ ಸೂಚಿಸುತ್ತಾರೆ. ಅದನ್ನು ನೋಡಿದ ನಾವು "ಸಿಯೋ", "ಯಿಯೋ" ಎಂದು ಎಳೆದು ಓದುತ್ತೇವೆ. ವಾಸ್ತವದಲ್ಲಿ ಅದು ಒಂದೇ ಸ್ವರ, ಒಂದೇ ಉಚ್ಚಾರಾಂಶ. ಈ ಲೇಖನದಲ್ಲಿ ದುಂಡು ತುಟಿಯ ಸ್ವರಕ್ಕೆ ದೀರ್ಘ "ಓ", ಸಡಿಲ ತುಟಿಯ ಸ್ವರಕ್ಕೆ ಹ್ರಸ್ವ "ಒ" ಬಳಸಿದ್ದೇನೆ. ಇಂದಿನ ಕೊರಿಯನ್ ಮಾತಿನಲ್ಲಿ ಹ್ರಸ್ವ-ದೀರ್ಘಗಳ ಭೇದ ಹೆಚ್ಚುಕಡಿಮೆ ಅಳಿದಿರುವುದರಿಂದ ಈ ಏರ್ಪಾಡಿನಿಂದ ಗೊಂದಲವಾಗುವುದಿಲ್ಲ.

ಇನ್ನೊಂದು ಸ್ವರ ಉನ್, ಸುಲ್ ಮುಂತಾದ ಉಚ್ಚಾರಾಂಶಗಳಲ್ಲಿ ಬರುತ್ತದೆ. ಇದು "ಉ"ದಂತೆ ಕೇಳಿದರೂ ತುಟಿಯನ್ನು ದುಂಡಗೆ ಮಾಡದೆ ಅಗಲಿಸಿ ಹೇಳುವ ಸ್ವರ. ಕನ್ನಡ ಮಾತ್ರ ಬಲ್ಲವರಿಗೆ ಇದು ಹೊಸದು. ಆದರೆ ತುಳು ಮತ್ತು ಕೊಡವ ಮಾತಾಡುವವರ ಬಾಯಲ್ಲಿ ಇದಕ್ಕೆ ಬಹಳ ಹತ್ತಿರದ ಸ್ವರ ದಿನವೂ ಬರುತ್ತದೆ. ಮಂಗಳೂರಿನವರೊಬ್ಬರು ಉನ್ಜು ಎಂಬ ಹೆಸರನ್ನು ಬೆಂಗಳೂರಿನವರಿಗಿಂತ ಚೆನ್ನಾಗಿ ಹೇಳಬಲ್ಲರು. ಇದೇ ಸ್ವರವನ್ನು ರೋಮನ್ ಬರಹ ನೋಡಿ "ಯೂನ್" ಎಂದು ಓದುವುದು ತೀರ ತಪ್ಪು, ಏಕೆಂದರೆ ಯುನ್ ಎಂಬುದು ಇನ್ನೊಂದು ಬೇರೆಯೇ ಉಚ್ಚಾರಾಂಶ.

"ಹಿ" ಎಂಬ ಉಚ್ಚಾರಾಂಶ ಹೆಣ್ಣುಮಕ್ಕಳ ಹೆಸರುಗಳಲ್ಲಿ ಬಹಳ ಸಾಮಾನ್ಯ. ಬರಹದಲ್ಲಿ ಅದು ಎರಡು ಸ್ವರಗಳ ಸಂಯುಕ್ತ. ಮಾತಿನಲ್ಲಿ ನೇರವಾಗಿ "ಹಿ". ಹುಯಿ ಎಂದು ಓದಬೇಕಿಲ್ಲ. ಪಾರ್ಕ್ ಎಂಬ ಕುಲನಾಮದಲ್ಲಿ ರಕಾರದ ಧ್ವನಿಯೇ ಇಲ್ಲ. ಅದು ಪಾಕ್ ಎಂಬುದಕ್ಕೆ ಹತ್ತಿರ. ಲೀ ಎಂಬುದನ್ನು ದಕ್ಷಿಣದಲ್ಲಿ ಈ ಎಂದೇ ಉಚ್ಚರಿಸುತ್ತಾರೆ, ಉತ್ತರ ಕೊರಿಯದಲ್ಲಿ ರೀ ಎನ್ನುತ್ತಾರೆ.

ಪಾಸ್‌ಪೋರ್ಟುಗಳಲ್ಲಿ ಒಂದೇ ಹೆಸರಿಗೆ ನಾಲ್ಕೈದು ಕಾಗುಣಿತಗಳಿರುತ್ತವೆ. 2000ನೇ ಇಸವಿಯಲ್ಲಿ ಸರ್ಕಾರ ಹೊಸ ಲಿಪ್ಯಂತರ ಕ್ರಮವನ್ನು ತಂದರೂ ಜನರು ತಮ್ಮ ಹೆಸರನ್ನು ತಮಗೆ ಒಗ್ಗಿದ ಹಾಗೆ ಬರೆಯುವುದನ್ನು ಬಿಟ್ಟಿಲ್ಲ. ಒಲಿಂಪಿಕ್ ಸ್ಕೇಟಿಂಗ್ ಚಿನ್ನ ಗೆದ್ದ ಕಿಮ್ ಯುನಾ ಅವರನ್ನು ಜಗತ್ತು ಯುನಾ ಎಂದೇ ತಿಳಿದಿದೆ. ಆದರೆ ಕೊರಿಯನ್ನರು ಅವರನ್ನು ಕರೆಯುವುದು ಯೊನಾ ಎಂದು. ರೋಮನ್ ಬರಹವನ್ನು ನಂಬಿ ಹೆಸರಿನ ಅರ್ಥ ಹುಡುಕಲು ಹೊರಟರೆ ಬೇರೊಬ್ಬರ ಹೆಸರಿನ ಅರ್ಥ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆದ್ದರಿಂದ ಸಾಧ್ಯವಿರುವಾಗಲೆಲ್ಲ ಆ ವ್ಯಕ್ತಿಯಿಂದಲೇ ಹೆಸರನ್ನು ಕೊರಿಯನ್ ಲಿಪಿಯಾದ ಹಂಗುಲ್‌ನಲ್ಲಿ ಬರೆಸಿಕೊಳ್ಳಿ. ಆ ಲಿಪಿಯ ಅಕ್ಷರಗಳನ್ನು ಗುರುತಿಸಲು ಒಂದು ವಾರಾಂತ್ಯದ ಅಭ್ಯಾಸ ಸಾಕು, ಮತ್ತು ಆ ಒಂದು ವಾರಾಂತ್ಯ ಎಷ್ಟೋ ತಪ್ಪುಗಳನ್ನು ತಪ್ಪಿಸುತ್ತದೆ.

ಮೂರನೆಯ ಹೆಜ್ಜೆ: ಅರ್ಥವನ್ನು ಕೇಳಿ ತಿಳಿಯುವುದು

ಹಂಗುಲ್ ಧ್ವನಿಯನ್ನು ಬರೆಯುವ ಲಿಪಿ. ಅದಕ್ಕಿಂತ ಹಿಂದಿನಿಂದ ಕೊರಿಯದಲ್ಲಿ ಬಳಕೆಯಲ್ಲಿರುವ ಚೀನೀ ಮೂಲದ ಅಕ್ಷರಗಳನ್ನು ಹಾಂಜಾ ಎನ್ನುತ್ತಾರೆ. ಅವು ಧ್ವನಿಯ ಜೊತೆಗೆ ಅರ್ಥವನ್ನೂ ಹೊತ್ತಿರುತ್ತವೆ. ಇಂದು ದಿನಪತ್ರಿಕೆ, ನಾಮಫಲಕ, ಪಠ್ಯಪುಸ್ತಕಗಳೆಲ್ಲ ಹಂಗುಲ್‌ನಲ್ಲಿಯೇ ಇರುತ್ತವೆ. ಹಾಗಿದ್ದರೂ ಮಗುವಿನ ಜನನ ನೋಂದಣಿಯಲ್ಲಿ ಹೆಚ್ಚಿನ ಕುಟುಂಬಗಳು ಹಂಗುಲ್ ಹೆಸರಿನ ಜೊತೆಗೆ ಅದರ ಹಾಂಜಾವನ್ನೂ ದಾಖಲಿಸುತ್ತವೆ. ಹೆಸರಿಗೆ ಬಳಸಬಹುದಾದ ಹಾಂಜಾಗಳ ಪಟ್ಟಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ಗೊತ್ತುಪಡಿಸುತ್ತದೆ. 1991ರಲ್ಲಿ ಆರಂಭವಾದ ಈ ಪಟ್ಟಿ ಹಲವು ಬಾರಿ ಬೆಳೆದು ಈಗ ಎಂಟು ಸಾವಿರವನ್ನು ದಾಟಿದೆ. ಎಂಟು ಸಾವಿರಕ್ಕೂ ಹೆಚ್ಚು ಅಕ್ಷರಗಳು ಕೆಲವೇ ನೂರು ಧ್ವನಿಗಳಲ್ಲಿ ಅಡಗಬೇಕಾದಾಗ ಒಂದೊಂದು ಧ್ವನಿಗೂ ಹತ್ತಾರು ಅರ್ಥಗಳು ಬರುವುದು ಅನಿವಾರ್ಯ.

"ಜಿ" ಎಂಬ ಉಚ್ಚಾರಾಂಶವನ್ನೇ ನೋಡೋಣ. ಅದು ವಿವೇಕವಾಗಬಹುದು, ಅರಿವಾಗಬಹುದು, ಸಂಕಲ್ಪವಾಗಬಹುದು, ಮರದ ಕೊಂಬೆಯಾಗಬಹುದು, ಒಂದು ಶುಭಕರ ಮೂಲಿಕೆಯೂ ಆಗಬಹುದು. "ಮಿನ್" ಎಂದರೆ ಚುರುಕುತನ, ಶರತ್ಕಾಲದ ಆಕಾಶ, ಹಸಿರುಕಲ್ಲಿನಂಥ ರತ್ನಶಿಲೆ. ಹಾಗಾದರೆ ಮಿನ್ಜಿ ಎಂಬ ಹುಡುಗಿ ಚುರುಕಾದ ವಿವೇಕವೋ, ಆಕಾಶದ ಕೊಂಬೆಯೋ? ಆಕೆಯನ್ನು ಕೇಳದೆ ಹೇಳಲಾಗದು. "ಯೊನ್" ತಾವರೆಯೂ ಹೌದು, ಚೆಲುವೂ ಹೌದು. "ಉನ್" ಬೆಳ್ಳಿ ಅಥವಾ ಕೃಪೆ. ಕ್ರೈಸ್ತ ಕುಟುಂಬಗಳಿಗೆ ಕೃಪೆ ಎಂಬ ಅರ್ಥದ "ಉನ್" ಬಹಳ ಪ್ರಿಯ. "ಸೊ" ಶುಭಸೂಚನೆ, ಬರಹ, ನಿಧಾನದ ಗಾಂಭೀರ್ಯ. "ಯುನ್" ತೇವದಿಂದ ಬಂದ ಹೊಳಪು ಅಥವಾ ಪ್ರಾಮಾಣಿಕತೆ. "ಸು" ಎಂದರೆ ಶ್ರೇಷ್ಠತೆ, ದೀರ್ಘಾಯುಷ್ಯ, ನೀರು.

"ಹ್ಯೆ" ಎಂಬ ಉಚ್ಚಾರಾಂಶಕ್ಕೆ ಇತಿಹಾಸದಿಂದಲೇ ಇಬ್ಬರನ್ನು ತರಬಹುದು. 2013ರಲ್ಲಿ ದಕ್ಷಿಣ ಕೊರಿಯದ ಮೊದಲ ಮಹಿಳಾ ಅಧ್ಯಕ್ಷರಾದ ಪಾರ್ಕ್ ಗುನ್‌ಹ್ಯೆ ಅವರ ಹೆಸರಿನಲ್ಲಿರುವ "ಹ್ಯೆ" ಅನುಗ್ರಹ ಎಂಬ ಅರ್ಥದ್ದು. ಅದರ ಹಿಂದಿನ "ಗುನ್" ಆ ದೇಶದ ರಾಷ್ಟ್ರಪುಷ್ಪವಾದ ದಾಸವಾಳ ಜಾತಿಯ ಮುಗುಂಗ್ಹ್ವಾ ಹೂವನ್ನು ಸೂಚಿಸುತ್ತದೆ. ಕೊರಿಯದ ಮೊದಮೊದಲ ಮಹಿಳಾ ತೈಲವರ್ಣ ಚಿತ್ರಕಾರರಲ್ಲಿ ಒಬ್ಬರೂ ಲೇಖಕಿಯೂ ಆಗಿದ್ದ ನಾ ಹ್ಯೆಸೊಕ್ (1896–1948) ಅವರ "ಹ್ಯೆ" ಸುವಾಸನೆಯ ಒಂದು ಸಸ್ಯದ ಹೆಸರು. ವಿವೇಕ ಎಂಬ ಅರ್ಥದ ಮೂರನೆಯ "ಹ್ಯೆ" ಕೂಡ ಇದೆ, ಮತ್ತು ಅದು ಇವೆರಡರಷ್ಟೇ ಬಳಕೆಯಲ್ಲಿದೆ.

ಹಾಗಾದರೆ ಕೇಳುವುದು ಹೇಗೆ? ಕೊರಿಯನ್ನರು ಹಾಂಜಾವನ್ನು ಬಾಯಿಮಾತಿನಲ್ಲಿ ಗುರುತಿಸಲು ಒಂದು ಕ್ರಮವನ್ನು ಅನುಸರಿಸುತ್ತಾರೆ: ಮೊದಲು ಅರ್ಥ, ಆಮೇಲೆ ಧ್ವನಿ. "ವಿವೇಕದ ಜಿ", "ಕೃಪೆಯ ಉನ್", "ಶ್ರೇಷ್ಠವೆಂಬ ಸು" ಎನ್ನುವ ರೀತಿಯಲ್ಲಿ ಅವರು ತಮ್ಮ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಾರೆ. ಆದ್ದರಿಂದ "ನಿಮ್ಮ ಹೆಸರಿಗೆ ಯಾವ ಹಾಂಜಾ ಬಳಸುತ್ತೀರಿ?" ಎಂದು ಕೇಳಿದರೆ ಸಾಕು, ಉತ್ತರ ತಾನಾಗಿ ಈ ಕ್ರಮದಲ್ಲಿಯೇ ಬರುತ್ತದೆ. ಪರಿಚಯವಾದ ಮೇಲೆ ಕೇಳಿದರೆ ಇದನ್ನು ಯಾರೂ ಅಧಿಕಪ್ರಸಂಗವೆಂದು ತಿಳಿಯುವುದಿಲ್ಲ. ಹೆಸರನ್ನು ಅಜ್ಜ ಆರಿಸಿದರೇ, ತಾಯಿ ಆರಿಸಿದರೇ, ಹೆಸರಿಡುವ ಶಾಸ್ತ್ರ ಬಲ್ಲವರು ಕೊಟ್ಟರೇ ಎಂಬ ಕಥೆಯೂ ಅದರ ಹಿಂದೆ ಬರುವುದುಂಟು. ಒಂದು ವೇಳೆ "ನನ್ನ ಹೆಸರಿಗೆ ಹಾಂಜಾ ಇಲ್ಲ" ಎಂಬ ಉತ್ತರ ಬಂದರೆ, ಆ ಹೆಸರು ಅಚ್ಚ ಕೊರಿಯನ್ ಪದವೆಂದು ಅರ್ಥ. ಅದರ ವಿಚಾರ ಮುಂದೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಹೆಸರಿನಲ್ಲಿ ಕಾಲವನ್ನು ಗುರುತಿಸುವುದು

ಹೆಣ್ಣಿನ ಹೆಸರೆಂದು ಧ್ವನಿಯಿಂದಲೇ ತೋರುವ ಕೆಲವು ಉಚ್ಚಾರಾಂಶಗಳಿವೆ: ಚೆಲುವಿನ "ಮಿ", ಸದ್ಗುಣದ "ಸುಕ್", ಮೃದುತ್ವದ ಅಥವಾ ವಿಧೇಯತೆಯ "ಸುನ್", ಹಸಿರುಕಲ್ಲಿನ "ಓಕ್", ಆರ್ಕಿಡ್ ಹೂವಿನ "ರಾನ್", ಕಂಪಿನ "ಹ್ಯಾಂಗ್", ಮುತ್ತು-ಮಣಿಗಳ "ಜು". "ಓಕ್" ಎಂಬುದು ನಮಗೆ ಸಂಬಂಧಿಸಿದ ಒಂದು ದಂತಕಥೆಯಲ್ಲೂ ಬರುತ್ತದೆ. ಕ್ರಿ.ಶ. 48ರಲ್ಲಿ ಆಯುತ ಎಂಬ ದೂರದ ನಾಡಿನಿಂದ ಹಡಗಿನಲ್ಲಿ ಬಂದು ಕೊರಿಯದ ಗಾಯಾ ರಾಜ್ಯದ ದೊರೆ ಸುರೋನನ್ನು ಮದುವೆಯಾದಳೆಂದು ಕೊರಿಯನ್ನರು ನಂಬುವ ರಾಣಿಯ ಹೆಸರು ಹೊ ಹ್ವಾಂಗೋಕ್. ಹ್ವಾಂಗೋಕ್ ಎಂದರೆ ಹಳದಿ ರತ್ನಶಿಲೆ. ಆ ನಾಡನ್ನು ಅಯೋಧ್ಯೆಯೊಂದಿಗೆ ಗುರುತಿಸುವವರು ಅಲ್ಲಿ ಆಕೆಯ ಸ್ಮಾರಕವನ್ನೂ ಕಟ್ಟಿದ್ದಾರೆ.

ಆದರೆ ರಾಣಿಯರ ಮಾತು ಬೇರೆ. ಜೋಸೊನ್ ರಾಜವಂಶದ ಕಾಲದಲ್ಲಿ (1392–1910) ಬಹುಪಾಲು ಹೆಂಗಸರಿಗೆ ದಾಖಲೆಯಲ್ಲಿ ಸ್ವಂತ ಹೆಸರೇ ಇರಲಿಲ್ಲ. ವಂಶಾವಳಿಯಲ್ಲಿ ಅವರು "ಕಿಮ್ ಕುಲದವಳು" ಎಂದಷ್ಟೇ ನಮೂದಾಗುತ್ತಿದ್ದರು. ಊರಿನಲ್ಲಿ ಅವರನ್ನು ತವರೂರಿನ ಹೆಸರಿನಿಂದ, ಉದಾಹರಣೆಗೆ ಆಂದೋಂಗ್ ಊರಿನಿಂದ ಬಂದವಳಾದರೆ ಆಂದೋಂಗ್‌ದೆಕ್ ಎಂದು ಕರೆಯುತ್ತಿದ್ದರು. ಚಿತ್ರಕಾರ್ತಿಯೂ ಕವಯಿತ್ರಿಯೂ ಆದ ಶಿನ್ ಸಾಇಮ್‌ದಾಂಗ್ (1504–1551) ಅವರ ಚಿತ್ರ ಇಂದು ಐವತ್ತು ಸಾವಿರ ವೊನ್ ನೋಟಿನ ಮೇಲಿದೆ. ಆದರೆ ಸಾಇಮ್‌ದಾಂಗ್ ಎಂಬುದು ಅವರ ಕಾವ್ಯನಾಮದಂಥ ಬಿರುದು, ಹೆತ್ತವರು ಇಟ್ಟ ಹೆಸರಲ್ಲ. ಕವಯಿತ್ರಿ ಹೊ ನಾನ್‌ಸೊಲ್‌ಹೊನ್ (1563–1589) ಅವರಿಗೆ ಚೋಹಿ ಎಂಬ ಸ್ವಂತ ಹೆಸರಿದ್ದದ್ದು ನಮಗೆ ತಿಳಿದಿರುವುದೇ ಅಪರೂಪದ ಸಂಗತಿ. 1909ರಲ್ಲಿ ಹೊಸ ಜನನೋಂದಣಿ ಕಾನೂನು ಜಾರಿಗೆ ಬಂದ ಮೇಲೆಯೇ ಸಾಮಾನ್ಯ ಹೆಣ್ಣುಮಕ್ಕಳ ಹೆಸರುಗಳು ದೊಡ್ಡ ಪ್ರಮಾಣದಲ್ಲಿ ಸರ್ಕಾರಿ ದಾಖಲೆಗೆ ಸೇರಿದವು. ಕೊರಿಯದಲ್ಲಿ ಹೆಣ್ಣಿಗೆ ಚೆಂದದ ಹೆಸರಿಡುವುದರ ಹಿಂದೆ ಇಂದಿಗೂ ಒಂದು ಗಾಂಭೀರ್ಯ ಕಾಣುವುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಜಪಾನಿನ ಆಳ್ವಿಕೆಯಲ್ಲಿ (1910–1945) "ಜಾ" ಎಂದು ಮುಗಿಯುವ ಹೆಸರುಗಳು ಹರಡಿದವು. ಜಪಾನೀ ಹೆಣ್ಣುಮಕ್ಕಳ ಹೆಸರಿನ ಕೊನೆಯಲ್ಲಿ "ಕೋ" ಎಂದು ಓದುವ, ಮಗು ಎಂಬ ಅರ್ಥದ ಅಕ್ಷರವನ್ನೇ ಕೊರಿಯನ್ನರು "ಜಾ" ಎಂದು ಓದುತ್ತಾರೆ. ಸುಪ್ರೀಂ ಕೋರ್ಟ್ ಪ್ರಕಟಿಸಿದ ನೋಂದಣಿ ಅಂಕಿಅಂಶಗಳ ಪ್ರಕಾರ 1945ರಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಹೆಸರು ಯೊಂಗ್ಜಾ, 1948ರಲ್ಲಿ ಸುನ್ಜಾ. ಅಂದರೆ ಆಳುವವರು ಹೋದ ಮೂರು ವರ್ಷಗಳ ನಂತರವೂ ರೂಢಿ ಉಳಿದಿತ್ತು. 1958ಕ್ಕೆ ಯೊಂಗ್ಸುಕ್ ಮೊದಲ ಸ್ಥಾನಕ್ಕೆ ಬಂದಿತು. 2006ರಲ್ಲಿ ಮೊದಲ ಮಹಿಳಾ ಪ್ರಧಾನಿಯಾದ ಹಾನ್ ಮ್ಯೊಂಗ್ಸುಕ್ ಅವರ ಹೆಸರಿನಲ್ಲೂ ಅದೇ "ಸುಕ್" ಇದೆ. 1968ರಲ್ಲಿ ಮಿಗ್ಯೊಂಗ್, 1975ರಲ್ಲಿ ಮಿಯೊಂಗ್, 1978ರಲ್ಲಿ ಜಿಯೊಂಗ್, 1988ರಲ್ಲಿ ಜಿಹ್ಯೆ, 1998ರಲ್ಲಿ ಯುಜಿನ್, 2005ರಲ್ಲೂ 2008ರಲ್ಲೂ ಸೊಯೊನ್. ಈ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ: ಸದ್ಗುಣ, ವಿಧೇಯತೆಗಳ ಅಕ್ಷರಗಳು ಹಿಂದೆ ಸರಿದು, ಚೆಲುವಿನ "ಮಿ" ಬಂದು, ಅದೂ ಹೋಗಿ ವಿವೇಕದ "ಜಿ" ಬರುತ್ತದೆ; ಗಟ್ಟಿ ವ್ಯಂಜನದಲ್ಲಿ ಮುಗಿಯುವ ಸುಕ್, ಓಕ್‌ಗಳು ಮರೆಯಾಗಿ, ಸೊ, ಯುನ್, ಹಾ, ಆ ಎಂಬ ಮೆದು ಧ್ವನಿಗಳು ಉಳಿಯುತ್ತವೆ. ಇಂದಿನ ಮಕ್ಕಳಲ್ಲಿ ಸೊಯುನ್, ಹಾಯುನ್, ಸೊಆ, ಜಿಆನ್ ಮುಂತಾದವು ಹೆಚ್ಚು. ಯುಜಿನ್, ಜಿವೊನ್, ಜಿಉ, ಸುಮಿನ್ ಮುಂತಾದವು ಗಂಡುಮಕ್ಕಳಿಗೂ ಸಲ್ಲುತ್ತವೆ. ಪತ್ರದಲ್ಲಿ ಇಂಥ ಹೆಸರು ಕಂಡಾಗ ಹೆಣ್ಣೆಂದು ತೀರ್ಮಾನಿಸಿ ಕನ್ನಡದಲ್ಲಿ "ಅವಳು" ಎಂದು ಬರೆದುಬಿಡಬಾರದು.

ಈ ಇತಿಹಾಸದಲ್ಲಿ ನೋವಿನ ಭಾಗವೊಂದಿದೆ. ಗಂಡು ಮಗುವನ್ನು ಬಯಸಿ ಕಾದ ಮನೆಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಮಾಲ್ಜಾ, ಅಂದರೆ ಕೊನೆಯ ಹುಡುಗಿ, ಅಥವಾ ಹುನಾಮ್, ಅಂದರೆ ಮುಂದಿನದು ಗಂಡಾಗಲಿ, ಎಂಬ ಹೆಸರುಗಳನ್ನಿಟ್ಟರು. ನಮ್ಮ ಹಳ್ಳಿಗಳಲ್ಲಿ ಸಾಲಾಗಿ ಹೆಣ್ಣು ಹುಟ್ಟಿದ ಮನೆಯವರು ಇನ್ನು ಸಾಕು ಎಂಬ ಅರ್ಥದಲ್ಲಿ ಸಾಕಮ್ಮ ಎಂದು ಹೆಸರಿಟ್ಟದ್ದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಂಥ ಹೆಸರಿನ ಹಿರಿಯ ಮಹಿಳೆಯರು ಎದುರಾದರೆ ಅರ್ಥವನ್ನು ಕೆದಕಬಾರದು. 2005ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆಸರು ಬದಲಾಯಿಸಿಕೊಳ್ಳುವ ವ್ಯಕ್ತಿಯ ಹಕ್ಕನ್ನು ವಿಶಾಲವಾಗಿ ಮಾನ್ಯ ಮಾಡಿದ ಮೇಲೆ ಅರ್ಜಿಗಳು ವರ್ಷಕ್ಕೆ ಒಂದು ಲಕ್ಷವನ್ನು ದಾಟಿದವು. ಅರ್ಜಿದಾರರಲ್ಲಿ ಹಳೆಯ ಹೆಸರಿನ ಹೊರೆಯನ್ನು ಇಳಿಸಿಕೊಂಡ ಮಹಿಳೆಯರೂ ಇದ್ದರು. ಹಾಗೆಂದು ಹಳೆಯ ಹೆಸರುಗಳೆಲ್ಲ ಹೊರೆಯಲ್ಲ. 1919ರ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಯಾಗಿ, 1920ರಲ್ಲಿ ಹದಿಹರೆಯದಲ್ಲೇ ಜೈಲಿನಲ್ಲಿ ಪ್ರಾಣಬಿಟ್ಟ ಯು ಗ್ವಾನ್ಸುನ್ ಅವರ ಹೆಸರಿನ ಕೊನೆಯ ಅಕ್ಷರ ವಿಧೇಯತೆಯ "ಸುನ್". ಆ ಹುಡುಗಿ ಸಾಮ್ರಾಜ್ಯದ ಮುಂದೆ ತಲೆಬಾಗಲಿಲ್ಲ, ಮತ್ತು ಅವಳ ಹೆಸರನ್ನು ಕೊರಿಯನ್ನರು ಇಂದಿಗೂ ಗೌರವದಿಂದ ಹೇಳುತ್ತಾರೆ.

ಐದನೆಯ ಹೆಜ್ಜೆ: ಅಚ್ಚ ಕೊರಿಯನ್ ಹೆಸರುಗಳನ್ನು ಗುರುತಿಸುವುದು

ಕಳೆದ ಶತಮಾನದ ಉತ್ತರಾರ್ಧದಲ್ಲಿ, ವಿಶೇಷವಾಗಿ ಎಪ್ಪತ್ತು ಎಂಬತ್ತರ ದಶಕಗಳಲ್ಲಿ, ಹಾಂಜಾದ ಹಂಗಿಲ್ಲದೆ ಮನೆಮಾತಿನ ಪದಗಳನ್ನೇ ಹೆಸರಾಗಿ ಇಡುವ ಒಲವು ಬೆಳೆಯಿತು. ಈ ಹೆಸರುಗಳ ವಿಷಯದಲ್ಲಿ ಮಾತ್ರ ಪಟ್ಟಿಯ ಅರ್ಥವನ್ನು ಬಹುಮಟ್ಟಿಗೆ ನಂಬಬಹುದು: ಹಾನುಲ್ ಎಂದರೆ ಆಕಾಶ, ಇಸುಲ್ ಎಂದರೆ ಇಬ್ಬನಿ, ಸುಲ್ಗಿ ಎಂದರೆ ಜಾಣ್ಮೆ, ಬೋರಾಮ್ ಎಂದರೆ ಮಾಡಿದ ಕೆಲಸದ ಸಾರ್ಥಕ್ಯ, ನಾರೆ ಎಂದರೆ ರೆಕ್ಕೆ, ನುರಿ ಎಂದರೆ ಲೋಕ, ದಾನ್ಬಿ ಎಂದರೆ ಬೇಕಾದ ಹೊತ್ತಿಗೆ ಬಂದ ಸಿಹಿಮಳೆ, ನಾರಿ ಎಂದರೆ ಲಿಲಿ ಹೂ, ಬ್ಯೊಲ್ ಎಂದರೆ ನಕ್ಷತ್ರ, ಬೋಮ್ ಎಂದರೆ ವಸಂತ. "ಹೊಳೆ" ಎಂಬ ಕ್ರಿಯಾಪದದಿಂದ ಬಂದ ಹೆಸರೊಂದು ಬರಹದಲ್ಲಿ ಬಿತ್‌ನಾ ಆಗಿದ್ದರೂ ಮಾತಿನಲ್ಲಿ ಬಿನ್ನಾ ಎಂದಾಗುತ್ತದೆ.

ಇಲ್ಲಿಯೂ ಒಂದು ತೊಡಕಿದೆ. ಬೋರಾಮ್ ಅಚ್ಚ ಕೊರಿಯನ್ ಪದವೆಂದು ಗೊತ್ತಿದ್ದರೂ ಕೆಲವು ಹೆತ್ತವರು ಅದೇ ಧ್ವನಿಗೆ ಹೊಂದುವ ಹಾಂಜಾಗಳನ್ನೂ ಆರಿಸಿ ದಾಖಲಿಸಿರುತ್ತಾರೆ. ಅರ್ಧ ಅಚ್ಚ ಪದ, ಅರ್ಧ ಹಾಂಜಾ ಸೇರಿಸಿದ ಹೆಸರುಗಳೂ ಉಂಟು. ಹಾಗಾಗಿ ಅಂತಿಮ ಮಾತು ಹೆಸರು ಹೊತ್ತವರದ್ದೇ.

ಹೆಸರಿನ ಆಯ್ಕೆಯ ಹಿಂದಿನ ಕಟ್ಟಳೆಗಳು

ಅನೇಕ ಕುಲಗಳಲ್ಲಿ ಒಂದು ತಲೆಮಾರಿನವರೆಲ್ಲ ಹೆಸರಿನಲ್ಲಿ ಒಂದು ಉಚ್ಚಾರಾಂಶವನ್ನು ಹಂಚಿಕೊಳ್ಳುವ ಪದ್ಧತಿಯಿದೆ. ಇದನ್ನು ದೋಲ್ಲಿಮ್‌ಜಾ ಎನ್ನುತ್ತಾರೆ. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳ ಸರದಿಯಂತೆ ಈ ಅಕ್ಷರ ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದು ಸಾಮಾನ್ಯ. ಹಿಂದೆ ಇದು ಹೆಚ್ಚಾಗಿ ಗಂಡುಮಕ್ಕಳ ಹಕ್ಕಾಗಿತ್ತು, ಆದರೆ ಹೆಣ್ಣುಮಕ್ಕಳಿಗೂ ಸೇರಿಸಿ ಇಟ್ಟ ಮನೆಗಳಿದ್ದವು: ನಾ ಹ್ಯೆಸೊಕ್ ಅವರ ಅಣ್ಣನ ಹೆಸರು ನಾ ಗ್ಯೊಂಗ್ಸೊಕ್. ಅಕ್ಕತಂಗಿಯರ ಹೆಸರುಗಳಲ್ಲಿ ಒಂದೇ ಉಚ್ಚಾರಾಂಶ ಕಂಡರೆ ಇದೇ ಕಾರಣವಿರಬಹುದು.

ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮಲ್ಲಿ ಪ್ರೀತಿಯ ಸಂಪ್ರದಾಯ. ಕೊರಿಯದಲ್ಲಿ ಇದಕ್ಕೆ ತದ್ವಿರುದ್ಧ. ಹಿರಿಯರ ಹೆಸರನ್ನು ಮಗುವಿಗೆ ಇಟ್ಟು ಕರೆಯುವುದು ಅವರಿಗೆ ತೋರುವ ಅಗೌರವವೆಂದು ಅಲ್ಲಿ ತಿಳಿಯುತ್ತಾರೆ. ತಂದೆತಾಯಿಯರ ಹೆಸರನ್ನು ಬೇರೆಯವರಿಗೆ ಹೇಳಬೇಕಾದಾಗಲೂ ಒಟ್ಟಿಗೆ ಉಚ್ಚರಿಸದೆ, ಒಂದೊಂದು ಉಚ್ಚಾರಾಂಶದ ನಂತರ ಅಕ್ಷರ ಎಂಬ ಅರ್ಥದ "ಜಾ" ಸೇರಿಸಿ, "ಯೊಂಗ್-ಜಾ, ಸುಕ್-ಜಾ" ಎಂದು ಬಿಡಿಸಿ ಹೇಳುವುದು ಸಭ್ಯತೆ. ಕೊರಿಯನ್ ಗೆಳತಿ ತನ್ನ ತಾಯಿಯ ಹೆಸರನ್ನು ಹೀಗೆ ಹೇಳಿದಾಗ ಆ "ಜಾ"ಗಳನ್ನು ಹೆಸರಿನ ಭಾಗವೆಂದು ಬರೆದುಕೊಳ್ಳಬಾರದು.

ಮಗು ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆಗಳನ್ನು ಆಧರಿಸಿ, ಐದು ತತ್ತ್ವಗಳಲ್ಲಿ ಯಾವುದು ಕಡಿಮೆಯಿದೆಯೋ ಅದನ್ನು ತುಂಬುವ ಹಾಂಜಾವನ್ನು ಆರಿಸಿಕೊಡುವ, ಅಕ್ಷರದ ಗೆರೆಗಳನ್ನು ಎಣಿಸಿ ಶುಭಾಶುಭ ಹೇಳುವ ವೃತ್ತಿಪರರು ಅಲ್ಲಿದ್ದಾರೆ. ಅವರ ಕಚೇರಿಯನ್ನು ಜಾಂಗ್ಮ್ಯೊಂಗ್ಸೋ ಎನ್ನುತ್ತಾರೆ. ಪಂಚಾಂಗ ನೋಡಿ ಜನ್ಮನಕ್ಷತ್ರದ ಅಕ್ಷರ ಹುಡುಕುವ ನಮಗೆ ಇದು ಅಪರಿಚಿತವಾದ ಮನೋಭಾವವಲ್ಲ. ಜನನವನ್ನು ಒಂದು ತಿಂಗಳೊಳಗೆ ನೋಂದಾಯಿಸಬೇಕಾಗಿರುವುದರಿಂದ ಈ ವಿಚಾರವೆಲ್ಲ ಬೇಗ ನಡೆಯುತ್ತದೆ. ಅದಕ್ಕೂ ಮೊದಲು, ಹೊಟ್ಟೆಯಲ್ಲಿರುವ ಮಗುವಿಗೆ ಮುದ್ದಿನ ಗರ್ಭನಾಮವೊಂದನ್ನು ಇಟ್ಟು ಮಾತಾಡಿಸುವ ರೂಢಿ ಇಂದಿನ ದಂಪತಿಗಳಲ್ಲಿ ವ್ಯಾಪಕವಾಗಿದೆ.

ಕರೆಯುವ ಕ್ರಮ

ಧಾರಾವಾಹಿ ನೋಡುವವರು ಹೆಚ್ಚು ಎಡವುವುದು ಇಲ್ಲಿ. ಗೆಳತಿಯರನ್ನು, ಕಿರಿಯರನ್ನು ಕರೆಯುವಾಗ ಹೆಸರು ವ್ಯಂಜನದಲ್ಲಿ ಮುಗಿದರೆ "ಆ", ಸ್ವರದಲ್ಲಿ ಮುಗಿದರೆ "ಯಾ" ಸೇರುತ್ತದೆ. ಸುಜಿನ್ ಎಂಬವಳನ್ನು ಕರೆದಾಗ ಸುಜಿನಾ ಎಂದೂ, ಮಿನ್ಜಿ ಎಂಬವಳನ್ನು ಕರೆದಾಗ ಮಿನ್ಜಿಯಾ ಎಂದೂ ಕೇಳುತ್ತದೆ. ಅವಳ ಬಗ್ಗೆ ಮಾತಾಡುವಾಗ ವ್ಯಂಜನಾಂತ ಹೆಸರಿಗೆ "ಇ" ಸೇರಿ ಸುಜಿನಿ ಆಗುವುದೂ ಉಂಟು. ಮೂರೂ ಒಬ್ಬಳೇ ಹುಡುಗಿ. ಕನ್ನಡದಲ್ಲಿ ಬರೆಯುವಾಗ ಸುಜಿನ್ ಎಂದೇ ಬರೆಯಬೇಕು.

ಈ "ಆ", "ಯಾ"ಗಳು ಸಲುಗೆಯವು. ಹಿರಿಯರಿಗೆ, ಹೊಸ ಪರಿಚಯದವರಿಗೆ, ಕಚೇರಿಯ ಸಹೋದ್ಯೋಗಿಗಳಿಗೆ ಇವು ಎಂದಿಗೂ ಸಲ್ಲವು. ಸಮಾನ ಸ್ಥಾನದ ಸಹೋದ್ಯೋಗಿಗೆ ಪೂರ್ಣ ಹೆಸರಿನ ಅಥವಾ ಇಟ್ಟ ಹೆಸರಿನ ಕೊನೆಗೆ "ಸ್ಸಿ" ಸೇರಿಸಬಹುದು: ಕಿಮ್ ಸುಜಿನ್‌ಸ್ಸಿ, ಅಥವಾ ಸುಜಿನ್‌ಸ್ಸಿ. ಬರೀ ಕುಲನಾಮಕ್ಕೆ ಅದನ್ನು ಸೇರಿಸಿ ಕಿಮ್‌ಸ್ಸಿ ಎಂದರೆ ಒರಟಾಗುತ್ತದೆ. ಮೇಲಿನ ಹುದ್ದೆಯವರಿಗೆ "ಸ್ಸಿ" ಕೂಡ ಸಾಲದು. ಕುಲನಾಮದ ಜೊತೆಗೆ ಹುದ್ದೆಯ ಹೆಸರು ಹೇಳಿ ಗೌರವಸೂಚಕ "ನಿಮ್" ಸೇರಿಸಬೇಕು, ಉದಾಹರಣೆಗೆ ಕಿಮ್ ಗ್ವಾಜಾಂಗ್ನಿಮ್, ಅಂದರೆ ವಿಭಾಗದ ಮುಖ್ಯಸ್ಥರಾದ ಕಿಮ್ ಅವರು. ಶಿಕ್ಷಕಿಯನ್ನು ಸೊನ್‌ಸೆಂಗ್ನಿಮ್ ಎನ್ನುತ್ತಾರೆ. ತನಗಿಂತ ದೊಡ್ಡವಳಾದ ಆಪ್ತಳನ್ನು ಹುಡುಗಿಯರು ಒನ್ನಿ ಎಂದೂ ಹುಡುಗರು ನುನಾ ಎಂದೂ ಕರೆಯುತ್ತಾರೆ. ಎರಡಕ್ಕೂ ಕನ್ನಡದಲ್ಲಿ ಅಕ್ಕ ಎಂಬುದು ಸರಿಹೊಂದುತ್ತದೆ, ಮತ್ತು ಅನುವಾದಕರು ಇದನ್ನು ಧೈರ್ಯವಾಗಿ ಬಳಸಬಹುದು. ಮಕ್ಕಳಾದ ಮೇಲೆ ನೆರೆಹೊರೆಯವರು ತಾಯಿಯ ಹೆಸರನ್ನೇ ಬಿಟ್ಟು "ಮಿನ್ಜಿ ಒಮ್ಮಾ", ಅಂದರೆ ಮಿನ್ಜಿಯ ಅಮ್ಮ, ಎಂದು ಕರೆಯುವುದು ಅಲ್ಲಿಯೂ ಉಂಟು.

ಕೊರಿಯನ್ ಹೆಸರನ್ನು ಆರಿಸಿಕೊಳ್ಳುವವರಿಗೆ

ಭಾಷೆಯ ತರಗತಿಯಲ್ಲಿ ಕೊರಿಯನ್ ಹೆಸರೊಂದನ್ನು ಆರಿಸಿಕೊಳ್ಳಲು ಬಯಸುವ ನಮ್ಮ ಹುಡುಗಿಯರಿಗೆ ಎರಡು ದಾರಿಗಳಿವೆ. ಅರ್ಥದ ದಾರಿ ಹಿಡಿದರೆ ಅಚ್ಚ ಕೊರಿಯನ್ ಹೆಸರುಗಳು ಸುಲಭ: ಇಬ್ಬನಿ ಅಥವಾ ತುಷಾರಾ ಎಂಬವರಿಗೆ ಇಸುಲ್, ತಾರಾ ಎಂಬವರಿಗೆ ಬ್ಯೊಲ್, ಪ್ರಜ್ಞಾ ಎಂಬವರಿಗೆ ಸುಲ್ಗಿ, ವಸಂತಾ ಎಂಬವರಿಗೆ ಬೋಮ್. ಕಮಲಾ ಎಂಬವರು ತಾವರೆಯ "ಯೊನ್" ಇರುವ ಹೆಸರನ್ನು ಆರಿಸಬಹುದು, ಆದರೆ ಯಾವ ಹಾಂಜಾ ಎಂಬುದನ್ನು ಗೊತ್ತುಮಾಡಿಕೊಂಡು. ಧ್ವನಿಯ ದಾರಿ ಹಿಡಿದರೆ ಮೀನಾ ಎಂಬವರಿಗೆ ಬದಲಾವಣೆಯೇ ಬೇಕಾಗಿಲ್ಲ. ಮಿನಾ ಎಂಬುದು ಕೊರಿಯದಲ್ಲೂ ಹೆಣ್ಣಿನ ಹೆಸರು. ಯಾವ ದಾರಿಯಾದರೂ ಆರಿಸಿದ ಹೆಸರನ್ನು ಶಿಕ್ಷಕಿಗೆ ತೋರಿಸಿ, ಅದು ಯಾವ ತಲೆಮಾರಿನದಾಗಿ ಕೇಳುತ್ತದೆ ಎಂದು ವಿಚಾರಿಸಿಕೊಳ್ಳಿ. ಹದಿನೆಂಟು ವರ್ಷದವಳು ಸುನ್ಜಾ ಎಂದು ಹೆಸರಿಟ್ಟುಕೊಂಡರೆ ಅಲ್ಲಿನವರಿಗೆ ತಮ್ಮ ಅಜ್ಜಿ ನೆನಪಾಗುತ್ತಾರೆ. ಕೊರಿಯನ್ ಪಾತ್ರಗಳಿರುವ ಕತೆ ಬರೆಯುವವರೂ ಪಾತ್ರದ ಹುಟ್ಟಿದ ವರ್ಷವನ್ನು ಮೊದಲು ನಿಶ್ಚಯಿಸಿ, ಆಮೇಲೆ ಹೆಸರು ಹುಡುಕುವುದು ಒಳ್ಳೆಯದು.

ಕನ್ನಡದಲ್ಲಿ ಬರೆಯುವಾಗ

ಲೇಖನ, ವರದಿ, ಅನುವಾದಗಳಲ್ಲಿ ಕುಲನಾಮವನ್ನೇ ಮೊದಲು ಬರೆಯಿರಿ, ನಡುವೆ ಅಲ್ಪವಿರಾಮ ಬೇಡ. ಇಟ್ಟ ಹೆಸರನ್ನು ಒಂದೇ ಪದವಾಗಿ ಕೂಡಿಸಿ. ಎರಡನೆಯ ಬಾರಿ ಉಲ್ಲೇಖಿಸುವಾಗ ಇಂಗ್ಲಿಷ್ ಪತ್ರಿಕೆಗಳಂತೆ ಬರೀ "ಕಿಮ್" ಎಂದು ಬರೆದರೆ ಯಾವ ಕಿಮ್ ಎಂಬುದು ತಿಳಿಯದು. ಕೊರಿಯನ್ನರಂತೆ ಪೂರ್ಣ ಹೆಸರನ್ನೇ ಮತ್ತೆ ಬರೆದು "ಅವರು" ಸೇರಿಸುವುದು ಉತ್ತಮ. ವ್ಯಕ್ತಿ ಸ್ವತಃ ತನ್ನ ಹೆಸರಿಗೆ ಒಂದು ಕಾಗುಣಿತವನ್ನು ಜಗತ್ತಿನಲ್ಲಿ ರೂಢಿಸಿಕೊಂಡಿದ್ದರೆ, ಕಿಮ್ ಯುನಾ ಅವರ ವಿಷಯದಲ್ಲಿ ಆದಂತೆ, ಆ ರೂಪವನ್ನು ಉಳಿಸಿಕೊಂಡು, ಮೂಲ ಉಚ್ಚಾರಣೆಯನ್ನು ಮೊದಲ ಬಾರಿ ಮಾತ್ರ ಪಕ್ಕದಲ್ಲಿ ಸೂಚಿಸಿದರೆ ಸಾಕು.